ಹೊಳೆಯ ತಳದ ಮೀನು



ನಮ್ಮ ಸೀಮೆಗೆ ಎರಡು ದೊಡ್ಡ ಹೊಳೆಗಳಿವೆ. ಒಂದು ಕೃಷ್ಣೆ. ಇನ್ನೊಂದು ಭೀಮೆ. ಕೃಷ್ಣೆ ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ ಹುಟ್ಟುತ್ತಾಳೆ. ಭೀಮೆ ಭೀಮಾಶಂಕರದಲ್ಲಿ ಹುಟ್ಟುತ್ತಾಳೆ. ಕೃಷ್ಣೆ ಸುರಪುರ, ಶಹಾಪುರ ಸೀಮೆಯ ಅಂಚಿನಲ್ಲಿ ಹರಿಯುತ್ತಾಳೆ. ಭೀಮೆ ಯಾದಗಿರಿ ಊರಿನ ಪಕ್ಕದಲ್ಲೇ ಹರಿಯುತ್ತಾಳೆ. ಮುಂದೆ ರಾಯಚೂರು ಸೀಮೆಯಲ್ಲಿ ಇಬ್ಬರೂ ಒಂದಾಗುತ್ತಾರೆ.

ಈ ಹೊಳೆಗಳು ಹೊಲಕ್ಕೆ ನೀರು ಕೊಡುತ್ತವೆ. ಕುಡಿಯಲು ನೀರು ಕೊಡುತ್ತವೆ. ಮೀನೂ ಕೊಡುತ್ತವೆ. ಮೀನು ಹಿಡಿದು ಬದುಕುವ ಮನೆಗಳು ಹೊಳೆ ದಂಡೆಯ ಊರುಗಳಲ್ಲಿ ಬಹಳ ಇವೆ. ಗಂಡಸರು ಬಲೆ ಬೀಸುತ್ತಾರೆ. ಮೀನನ್ನು ಬುಟ್ಟಿಯಲ್ಲಿಟ್ಟು ಸಂತೆಗೆ ಒಯ್ಯುವವರು, ಮಾರಿ ರೊಕ್ಕ ಎಣಿಸುವವರು ಹೆಚ್ಚಾಗಿ ಹೆಂಗಸರು.

ಈ ಪಾಠದಲ್ಲಿ ನಾವು ಹೊಳೆಯ ತಳದಲ್ಲಿ ಇರುವ ಮೀನುಗಳ ಬಗ್ಗೆ ಓದೋಣ. ತಳದ ಮೀನು ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ. ಆದರೆ ಹೊಳೆ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂದು ಮೊದಲು ಗೊತ್ತಾಗುವುದು ಅದಕ್ಕೇ.

ಸಂತೆಯಲ್ಲಿ ಮಾತು

ಮೀನು ಕೊಳ್ಳಲು ಬಂದ ಸೊಸೆ: ಎಕ್ಕಾ, ಇದ್ಯಾವ ಮೀನ? ಮೈಮ್ಯಾಲ ಹುರುಪಿನೇ ಇಲ್ಲಲ್ಲ!

ಮೀನು ಮಾರುವ ಅಕ್ಕ: ಇದು ಬಾಳಿ ಮೀನ, ತಂಗಿ. ಇದಕ್ಕ ಹುರುಪಿ ಇರಂಗಿಲ್ಲ. ಮೀಸಿ ನೋಡು, ಎಷ್ಟುದ್ದ ಅದಾವ.

ಸೊಸೆ: ಮೀನಿಗ್ಯಾಕ ಮೀಸಿ?

ಅಕ್ಕ: ಹೊಳಿ ತಳದಾಗ ಕತ್ಲಿ ಇರ್ತದಲ್ಲ. ಕಣ್ಣು ಕಾಣಂಗಿಲ್ಲ. ಮೀಸಿಲಿಂದನೇ ತಡಕಾಡಿ ಕೂಳು ಹುಡಕ್ತದ.

ಸೊಸೆಯ ಅತ್ತೆ: ನಾವು ಸಣ್ಣವರಿದ್ದಾಗ ಇಂಥಾವು ಭಾಳ ಬರ್ತಿದ್ವು. ಈಗ ಕಮ್ಮಿ ಆಗ್ಯಾವ. ಯಾಕವ್ವಾ?

ಅಕ್ಕ: ಅದನ್ನೇ ನಾವೂ ಕೇಳ್ಲಾಕತ್ತೀವಿ.

ಅತ್ತೆ ಕೇಳಿದ್ದು ದೊಡ್ಡ ಪ್ರಶ್ನೆ. ಉತ್ತರ ಹುಡುಕೋಣ ಬನ್ನಿ.

ಹೊಳೆಗೂ ಮೂರು ಅಂತಸ್ತು

ಹೊಳೆಯ ನೀರನ್ನು ಮೂರು ಅಂತಸ್ತಿನ ಮನೆ ಎಂದು ತಿಳಿಯಿರಿ. ಮೇಲಿನ ಅಂತಸ್ತಿಗೆ ಬಿಸಿಲು ಬೀಳುತ್ತದೆ. ಅಲ್ಲಿ ಸಣ್ಣ ಸಣ್ಣ ಜೀವಿಗಳು ತೇಲುತ್ತವೆ. ಕಾಟ್ಲಾ ಮೀನು ಮೇಲಿನ ನೀರಿನಲ್ಲಿ ಮೇಯುತ್ತದೆ. ಅದರ ಬಾಯಿ ಮೇಲಕ್ಕೆ ತೆರೆದಿರುತ್ತದೆ. ನಡುವಿನ ಅಂತಸ್ತಿನಲ್ಲಿ ರೋಹು ಮೇಯುತ್ತದೆ.

ಕೆಳಗಿನ ಅಂತಸ್ತೇ ತಳ. ಅಲ್ಲಿ ಕೆಸರಿದೆ, ಮರಳಿದೆ, ಕಲ್ಲುಗಳಿವೆ. ಮೇಲಿನಿಂದ ಬಿದ್ದ ಎಲೆ, ಕಸ, ಸತ್ತ ಹುಳ ಎಲ್ಲವೂ ಕೊನೆಗೆ ತಳಕ್ಕೇ ಇಳಿಯುತ್ತವೆ. ಅಲ್ಲಿ ಅವು ಕೊಳೆಯುತ್ತವೆ. ಆ ಕೊಳೆತದ್ದನ್ನು ಹುಳುಗಳು ತಿನ್ನುತ್ತವೆ. ತಳದ ಮೀನು ಆ ಹುಳುಗಳನ್ನೂ ಕೊಳೆತ ಎಲೆಯನ್ನೂ ತಿನ್ನುತ್ತದೆ. ಮನೆಯ ಅಂಗಳ ಗುಡಿಸುವವರು ಒಂದು ದಿನ ಇಲ್ಲದಿದ್ದರೆ ಕಸ ಎಷ್ಟು ಕೂಡುತ್ತದೆ, ನೋಡಿದ್ದೀರಿ. ಹೊಳೆಯ ಅಂಗಳ ಗುಡಿಸುವುದು ಈ ಮೀನು.

ಮೀನಿನ ಬಾಯಿ ನೋಡಿದರೆ ಅದು ಎಲ್ಲಿ ಮೇಯುತ್ತದೆ ಎಂದು ಹೇಳಬಹುದು. ಬಾಯಿ ಮೇಲಕ್ಕಿದ್ದರೆ ಮೇಲಿನ ನೀರು. ಬಾಯಿ ಕೆಳಕ್ಕೆ ಬಾಗಿದ್ದರೆ ತಳ. ಮುಂದಿನ ಸಂತೆಯಲ್ಲಿ ನೀವೇ ನೋಡಿ.

ನಮ್ಮ ತಳದ ಮೀನುಗಳು

1. ಬಾಳೆ ಮೀನು. ಇದು ಉದ್ದನೆಯ, ಚಪ್ಪಟೆಯಾದ ಮೀನು. ಮೈ ನುಣ್ಣಗಿರುತ್ತದೆ. ಹುರುಪೆ ಇಲ್ಲ. ಬಾಯಿ ದೊಡ್ಡದು, ಹಲ್ಲು ಬಹಳ. ನಾಲ್ಕು ಮೀಸೆಗಳಿವೆ. ಎರಡು ಉದ್ದ, ಎರಡು ಗಿಡ್ಡ. ಹಗಲಲ್ಲಿ ಆಳವಾದ ಮಡುವಿನಲ್ಲಿ, ದಂಡೆಯ ಪೊಟರೆಯಲ್ಲಿ ಅಡಗಿ ಮಲಗುತ್ತದೆ. ರಾತ್ರಿ ಬೇಟೆಗೆ ಏಳುತ್ತದೆ. ಸಣ್ಣ ಮೀನು ಹಿಡಿದು ತಿನ್ನುತ್ತದೆ. ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲದು.

2. ಗಿರ್ಲು. ಇದು ಸಣ್ಣ ಮೀನು. ಇದಕ್ಕೆ ಎಂಟು ಮೀಸೆ. ಬೆನ್ನ ಮೇಲೆ ಒಂದು ಮುಳ್ಳು, ಎರಡು ಪಕ್ಕದಲ್ಲಿ ಒಂದೊಂದು ಮುಳ್ಳು. ತಳದ ಹುಳು, ಸಣ್ಣ ಸೀಗಡಿ ಇದರ ಆಹಾರ.

3. ಚೇಳು ಮೀನು. ಹೆಸರೇ ಹೇಳುತ್ತದೆ. ಇದರ ಪಕ್ಕದ ಮುಳ್ಳಿನಲ್ಲಿ ವಿಷ ಇದೆ. ಕೆಸರಿನ ಹೊಂಡದಲ್ಲೂ ಇದು ಬದುಕುತ್ತದೆ. ನೀರು ಕಡಿಮೆಯಾದರೆ ಮೇಲೆ ಬಂದು ಗಾಳಿ ಕುಡಿಯುತ್ತದೆ.

4. ಮೃಗಾಲ್. ಇದಕ್ಕೆ ಹುರುಪೆ ಇದೆ. ಮೈ ಬೆಳ್ಳಗೆ ಹೊಳೆಯುತ್ತದೆ. ಬಾಯಿ ಕೆಳಕ್ಕಿದೆ. ತಳದ ಕೊಳೆತ ಎಲೆ, ಕೆಸರಿನ ಸತ್ವ ಇದರ ಆಹಾರ. ಇದು ಮೂಲತಃ ನಮ್ಮ ಸೀಮೆಯದಲ್ಲ. ಉತ್ತರದ ಗಂಗಾ ನದಿ ಸೀಮೆಯದು. ಮೀನುಗಾರಿಕೆ ಇಲಾಖೆಯವರು ಕೆರೆಗೆ, ಅಣೆಕಟ್ಟಿನ ನೀರಿಗೆ ಇದರ ಮರಿಗಳನ್ನು ಬಿಡುತ್ತಾರೆ.

5. ಸಾಮಾನ್ಯ ಗೆಂಡೆ. ಇದು ಹೊರದೇಶದಿಂದ ಬಂದ ಮೀನು. ಹಂದಿ ನೆಲ ಕೆದಕಿದ ಹಾಗೆ ಇದು ತಳದ ಕೆಸರನ್ನು ಕೆದಕಿ ತಿನ್ನುತ್ತದೆ.

ಒಂದೊಂದು ಊರಿನಲ್ಲಿ ಒಂದೊಂದು ಹೆಸರು ಇರುತ್ತದೆ. ನಿಮ್ಮ ಊರಿನಲ್ಲಿ ಈ ಮೀನುಗಳಿಗೆ ಏನಂತೀರಿ? ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ನಿಮ್ಮ ಅತ್ತೆ, ನಿಮ್ಮ ಅಜ್ಜಿ ಹೇಳುವ ಹೆಸರು ಯಾವ ಪುಸ್ತಕದಲ್ಲೂ ಇಲ್ಲದಿರಬಹುದು. ನೀವು ಬರೆದರೆ ಅದು ಉಳಿಯುತ್ತದೆ.

ಮೀಸೆಯ ಕೆಲಸ

ಬೆಕ್ಕಿಗೆ ಮೀಸೆ ಇದೆ. ಈ ಮೀನಿಗೂ ಇದೆ. ಆದರೆ ಮೀನಿನ ಮೀಸೆ ಕೂದಲಲ್ಲ. ಅದು ಮೆತ್ತನೆಯ ಚರ್ಮ. ನಮ್ಮ ನಾಲಿಗೆಯಲ್ಲಿ ರುಚಿ ಹೇಳುವ ಗುಳ್ಳೆಗಳಿವೆಯಲ್ಲ, ಅಂಥವೇ ಆ ಮೀಸೆಯಲ್ಲಿವೆ. ಮೀಸೆ ಮುಟ್ಟಿದರೆ ಸಾಕು, ಇದು ಕಲ್ಲೋ ಹುಳುವೋ ಎಂದು ಮೀನಿಗೆ ತಿಳಿಯುತ್ತದೆ. ಮಳೆಗಾಲದ ಕೆಂಪು ನೀರಿನಲ್ಲೂ ಅದು ಉಪವಾಸ ಬೀಳುವುದಿಲ್ಲ.

ಮಳೆಗಾಲ ಮೀನಿನ ಬಾಣಂತಿ ಕಾಲ

ಮುಂಗಾರು ಮಳೆ ಬಿದ್ದು ಹೊಳೆಗೆ ಹೊಸ ನೀರು ಬರುತ್ತದೆ. ಆಗ ತಾಯಿ ಮೀನುಗಳ ಹೊಟ್ಟೆ ತುಂಬ ಮೊಟ್ಟೆ. ಅವು ಹರಿವಿಗೆ ಎದುರಾಗಿ ಮೇಲಕ್ಕೆ ಈಜುತ್ತವೆ. ನೀರು ಹರಡಿದ ಬಯಲು, ಹಳ್ಳದ ಬಾಯಿ ಹುಡುಕಿ ಮೊಟ್ಟೆ ಇಡುತ್ತವೆ.

ಒಂದು ಕಿಲೋ ತೂಕದ ತಾಯಿ ಮೃಗಾಲ್‌ನ ಹೊಟ್ಟೆಯಲ್ಲಿ ಸುಮಾರು ಒಂದು ಲಕ್ಷ ಮೊಟ್ಟೆಗಳಿರುತ್ತವೆ. ಎಲ್ಲವೂ ಬದುಕುವುದಿಲ್ಲ. ಹಕ್ಕಿ, ಹಾವು, ಬೇರೆ ಮೀನು ತಿಂದು ಉಳಿದದ್ದು ಕೆಲವು ಮಾತ್ರ. ಆದರೂ ಒಂದು ತಾಯಿಯನ್ನು ಬಿಟ್ಟರೆ ಹೊಳೆಗೆ ಎಷ್ಟು ಮರಿ ಬರಬಹುದು, ಯೋಚಿಸಿ. ಬಸುರಿ ಮೀನನ್ನೇ ಹಿಡಿದರೆ ಮುಂದಿನ ವರ್ಷದ ಬುಟ್ಟಿಯನ್ನು ಈ ವರ್ಷವೇ ಖಾಲಿ ಮಾಡಿದ ಹಾಗೆ. ಬೀಜದ ಜೋಳ ಬೀಸಿ ರೊಟ್ಟಿ ಮಾಡಿದರೆ ಬಿತ್ತಲು ಏನು ಉಳಿಯಿತು?

ಹೊಳೆಯಲ್ಲಿ ಈಗ ಅಡ್ಡಗಟ್ಟೆಗಳೂ ಇವೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದು 10 ಕಿಲೋಮೀಟರಿಗಿಂತ ಉದ್ದ. ಅದರಿಂದ ಸುರಪುರ, ಶಹಾಪುರದ ಹೊಲಗಳಿಗೆ ಕಾಲುವೆ ನೀರು ಬಂತು. ಭತ್ತ ಬೆಳೆಯಿತು. ಆದರೆ ಮೀನಿಗೆ ಆ ಗೋಡೆ ಏರಲು ಬರುವುದಿಲ್ಲ. ಮೇಲಕ್ಕೆ ಹೋಗಿ ಮೊಟ್ಟೆ ಇಡುತ್ತಿದ್ದ ಮೀನು ಗೋಡೆಯ ಕೆಳಗೇ ನಿಲ್ಲುತ್ತದೆ. ಅಲ್ಲಿ ಬಲೆ ಹಾಕಿದರೆ ಸುಲಭವಾಗಿ ಸಿಕ್ಕಿಬೀಳುತ್ತದೆ.

ಮೃಗಾಲ್‌ನಂಥ ಮೀನು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅದಕ್ಕೆ ಹರಿಯುವ, ಏರುವ ನೀರು ಬೇಕು. ಹಾಗಾದರೆ ಕೆರೆಗೆ ಬಿಡುವ ಮರಿ ಎಲ್ಲಿಂದ ಬರುತ್ತದೆ? ಹಿಂದೆ ಹೊಳೆಯಿಂದ ಮರಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಡಾ. ಹೀರಾಲಾಲ್ ಚೌಧರಿ ಮತ್ತು ಅವರ ಸಂಗಡಿಗರು ಹೊಸ ದಾರಿ ಕಂಡರು. ಮೀನಿನ ಮಿದುಳಿನ ಕೆಳಗೆ ಒಂದು ಸಣ್ಣ ಗ್ರಂಥಿ ಇದೆ. ಅದರ ರಸವನ್ನು ಗೆಂಡೆ ಜಾತಿಯ ತಾಯಿ ಮೀನಿಗೆ ಸೂಜಿಯಿಂದ ಕೊಟ್ಟರು. ಮೀನು ಹೊಂಡದಲ್ಲೇ ಮೊಟ್ಟೆ ಇಟ್ಟಿತು. ಅದಕ್ಕೇ ಜುಲೈ 10ನ್ನು ನಮ್ಮ ದೇಶದಲ್ಲಿ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ.

ಆದರೆ ಕೆರೆಗೆ, ಅಣೆಕಟ್ಟಿಗೆ ಬಿಡುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಮರಿಗಳನ್ನು. ಬಾಳೆ ಮೀನು ಹೊಳೆಯಲ್ಲಿ ತಾನೇ ಹುಟ್ಟಿ ತಾನೇ ಬೆಳೆಯಬೇಕು. ಅದಕ್ಕೆ ಹೊಳೆಯೇ ತವರು. ಜಗತ್ತಿನ ಪ್ರಾಣಿಗಳ ಲೆಕ್ಕ ಇಡುವ ಐಯುಸಿಎನ್ ಎಂಬ ಸಂಸ್ಥೆ ಬಾಳೆ ಮೀನನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಸಂತೆಯಲ್ಲಿ ಅತ್ತೆ ಹೇಳಿದ ಮಾತು ಸುಳ್ಳಲ್ಲ.

ಲೆಕ್ಕ ಮಾಡೋಣ

ಸಣ್ಣ ಕಣ್ಣಿನ ಬಲೆಗೆ 10 ಮೃಗಾಲ್ ಮರಿ ಬಿದ್ದವು. ಒಂದೊಂದು 100 ಗ್ರಾಂ.

10 × 100 ಗ್ರಾಂ = 1,000 ಗ್ರಾಂ = 1 ಕಿಲೋ.

ಕಿಲೋಗೆ 100 ರೂಪಾಯಿ ಎಂದು ಇಟ್ಟುಕೊಳ್ಳೋಣ. ಕೈಗೆ ಬಂದದ್ದು 100 ರೂಪಾಯಿ.

ಅದೇ ಮರಿಗಳನ್ನು ಬಿಟ್ಟರೆ? ನೀರು, ಮೇವು ಚೆನ್ನಾಗಿದ್ದರೆ ಮೃಗಾಲ್ ಒಂದು ವರ್ಷದಲ್ಲಿ 600ರಿಂದ 800 ಗ್ರಾಂ ತೂಗುತ್ತದೆ. ಹತ್ತರಲ್ಲಿ ಐದು ಸತ್ತವು ಎಂದುಕೊಳ್ಳಿ. ಐದು ಉಳಿದವು.

5 × 600 ಗ್ರಾಂ = 3,000 ಗ್ರಾಂ = 3 ಕಿಲೋ.

ಕೈಗೆ ಬರುವುದು 300 ರೂಪಾಯಿ. ಅರ್ಧ ಮೀನು ಸತ್ತರೂ ಮೂರು ಪಟ್ಟು ರೊಕ್ಕ. ನಿಮ್ಮ ಸಂತೆಯ ದರ ಹಾಕಿ ಈ ಲೆಕ್ಕವನ್ನು ಇನ್ನೊಮ್ಮೆ ಮಾಡಿ.

"ಇವತ್ತಿನ ಒಲಿ ಹಚ್ಚೋದು ಹ್ಯಾಂಗ, ಟೀಚರ್ರೀ? ನಾವು ಬಿಟ್ರ ಮತ್ತೊಬ್ರು ಹಿಡೀತಾರ" ಎಂದು ಅಕ್ಕಂದಿರು ಕೇಳುತ್ತಾರೆ. ಆ ಮಾತು ಖರೆ. ಒಂದು ಮನೆಯವರು ಬಿಟ್ಟರೆ ಸಾಲದು. ಊರಿನ ಎಲ್ಲ ಬಲೆಗಳೂ ದೊಡ್ಡ ಕಣ್ಣಿನವಾಗಬೇಕು. ಅದಕ್ಕೆ ಮೀನುಗಾರರ ಸಹಕಾರ ಸಂಘದಲ್ಲಿ ಕೂತು ಮಾತಾಡಬೇಕು. ಆ ಸಭೆಯಲ್ಲಿ ಹೆಂಗಸರೂ ಇರಬೇಕು. ಸಂಘದ ಸದಸ್ಯರಾಗಲು ಹೆಂಗಸರಿಗೂ ಹಕ್ಕಿದೆ.

ಹೊಳೆಗೆ ಹಾಕಿದ್ದು ಎಲ್ಲಿಗೆ ಹೋಗುತ್ತದೆ?

ಹತ್ತಿಗೆ, ಭತ್ತಕ್ಕೆ, ಮೆಣಸಿನಕಾಯಿಗೆ ಔಷಧಿ ಹೊಡೆಯುತ್ತೇವೆ. ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯುತ್ತೇವೆ. ಖಾಲಿ ಡಬ್ಬಿಯನ್ನು ಅಲ್ಲೇ ಎಸೆಯುತ್ತೇವೆ. ಹಳ್ಳದ ನೀರು ಹೊಳೆಗೆ ಹೋಗುತ್ತದೆ. "ಹರಿಯುವ ನೀರು, ಕೊಚ್ಚಿಕೊಂಡು ಹೋಯ್ತು" ಎಂದು ಸುಮ್ಮನಾಗುತ್ತೇವೆ.

ಎಲ್ಲವೂ ಕೊಚ್ಚಿಕೊಂಡು ಹೋಗುವುದಿಲ್ಲ. ಎಷ್ಟೋ ವಿಷ ಮಣ್ಣಿನ ಕಣಕ್ಕೆ ಅಂಟುತ್ತದೆ. ಮಣ್ಣು ತಳಕ್ಕೆ ಇಳಿಯುತ್ತದೆ. ತಳದ ಹುಳು ಅದನ್ನು ತಿನ್ನುತ್ತದೆ. ಹುಳುವನ್ನು ಗಿರ್ಲು ತಿನ್ನುತ್ತದೆ. ಗಿರ್ಲನ್ನು ಬಾಳೆ ಮೀನು ತಿನ್ನುತ್ತದೆ. ಬಾಳೆ ಮೀನನ್ನು ನಾವು ತಿನ್ನುತ್ತೇವೆ. ನಮ್ಮ ಮಕ್ಕಳಿಗೂ ಉಣಿಸುತ್ತೇವೆ. ಹಳ್ಳದಲ್ಲಿ ಬಿಟ್ಟದ್ದು ತಿರುಗಿ ನಮ್ಮ ತಟ್ಟೆಗೇ ಬಂತು.

ಇನ್ನೂ ಕೆಲವರು ಬೇಗ ಮೀನು ಸಿಗಲೆಂದು ನೀರಿಗೇ ವಿಷ ಹಾಕುತ್ತಾರೆ. ಸಿಡಿಮದ್ದು ಹಾಕುತ್ತಾರೆ. ಆಗ ದೊಡ್ಡ ಮೀನು ಮಾತ್ರವಲ್ಲ, ಮರಿ, ಮೊಟ್ಟೆ, ಹುಳು ಎಲ್ಲವೂ ಸಾಯುತ್ತವೆ. ಆ ನೀರನ್ನು ದನ ಕುಡಿಯುತ್ತದೆ. ಕೆಳಗಿನ ಊರಿನವರೂ ಕುಡಿಯುತ್ತಾರೆ. ವಿಷ ಹಾಕಿ, ಮದ್ದು ಸಿಡಿಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

ಮರಳಿನ ಮಾತೂ ಇದೆ. ಮರಳು, ಕಲ್ಲುಸಂದಿ, ಆಳವಾದ ಮಡು ಇವು ತಳದ ಮೀನಿನ ಮನೆ. ಮಿತಿಯಿಲ್ಲದೆ ಮರಳು ತೆಗೆದರೆ ಆ ಮನೆ ಹಾಳಾಗುತ್ತದೆ. ಹೊಳೆಯಲ್ಲಿ ಗುಂಡಿ ಬೀಳುತ್ತದೆ. ಈಜಲು ಇಳಿದ ಮಕ್ಕಳಿಗೂ ಆ ಗುಂಡಿ ಅಪಾಯ.

ಮೀನು ಕೊಳ್ಳುವಾಗ, ಕೊಯ್ಯುವಾಗ

ತಾಜಾ ಮೀನಿನ ಕಣ್ಣು ಹೊಳೆಯುತ್ತದೆ. ಕಿವಿರು ಕೆಂಪಗಿರುತ್ತದೆ. ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದ ಮಾಂಸ ಕೂಡಲೇ ಮೇಲೇಳುತ್ತದೆ. ಕಣ್ಣು ಒಳಗೆ ಹೋಗಿದ್ದರೆ, ಕಿವಿರು ಕಂದಿದ್ದರೆ, ಕೆಟ್ಟ ವಾಸನೆ ಬಂದರೆ ಕೊಳ್ಳಬೇಡಿ. ನೀರಿನಲ್ಲಿ ತಾನಾಗಿ ಸತ್ತು ತೇಲಿದ ಮೀನನ್ನು ಮನೆಗೆ ತರಬೇಡಿ. ಅದು ವಿಷದಿಂದ ಸತ್ತಿರಬಹುದು.

ತಳದ ಮೀನಿನ ಕರುಳಿನಲ್ಲಿ ಕೆಸರು ಇರುತ್ತದೆ. ಕರುಳು, ಕಿವಿರು ಪೂರ್ತಿ ತೆಗೆಯಿರಿ. ಚೆನ್ನಾಗಿ ತೊಳೆಯಿರಿ. ಚೆನ್ನಾಗಿ ಬೇಯಿಸಿ.

ಮೀನಿನ ಹೊಟ್ಟೆಯಲ್ಲಿ ಹಸಿರು ಬಣ್ಣದ ಸಣ್ಣ ಚೀಲ ಇರುತ್ತದೆ. ಅದು ಪಿತ್ತದ ಚೀಲ. "ಕಣ್ಣಿಗಿ ಛಲೋ, ಸಕ್ಕರಿ ಬ್ಯಾನಿಗಿ ಛಲೋ" ಎಂದು ಅದನ್ನು ನುಂಗುವವರಿದ್ದಾರೆ. ನುಂಗಬಾರದು. ಗೆಂಡೆ ಜಾತಿಯ ಮೀನಿನ ಪಿತ್ತ ವಿಷ. ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. ಅದನ್ನು ನುಂಗಿ ಮೂತ್ರಪಿಂಡ ಕೆಟ್ಟವರಿದ್ದಾರೆ. ಯಾರಾದರೂ ನುಂಗಿದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಮೂತ್ರ ಕಡಿಮೆಯಾಗುತ್ತದೆ. ತಡ ಮಾಡದೆ ದವಾಖಾನೆಗೆ ಕರೆದೊಯ್ಯಿರಿ. ಏನು ನುಂಗಿದರು ಎಂದು ಡಾಕ್ಟರಿಗೆ ಹೇಳಿ.

ಗಿರ್ಲು, ಚೇಳು ಮೀನು ಹಿಡಿಯುವಾಗ ಮುಳ್ಳು ಚುಚ್ಚಬಹುದು. ಚುಚ್ಚಿದರೆ ಗಾಯವನ್ನು ಶುದ್ಧ ನೀರು, ಸಾಬೂನಿನಿಂದ ತೊಳೆಯಿರಿ. ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಆ ಕೈ ಇಡಿ. ನೋವು ಇಳಿಯುತ್ತದೆ. ಕೈ ಸುಡದಂತೆ ಮೊದಲು ಇನ್ನೊಂದು ಕೈಯಿಂದ ನೀರು ಮುಟ್ಟಿ ನೋಡಿ. ಮುಳ್ಳು ಒಳಗೆ ಮುರಿದಿದ್ದರೆ, ಬಾವು ಏರಿದರೆ ದವಾಖಾನೆಗೆ ಹೋಗಿ. ಧನುರ್ವಾಯು ಆಗದಂತೆ ಸೂಜಿ ಹಾಕಿಸಿಕೊಳ್ಳಿ. ಅರಿಸಿನ, ಸುಣ್ಣ ಹಚ್ಚಿ ಸುಮ್ಮನೆ ಕೂರಬೇಡಿ.

ತಟ್ಟೆಯಲ್ಲಿ ಯಾರಿಗೆ ಎಷ್ಟು?

ಮೀನು ಒಳ್ಳೆಯ ಆಹಾರ. ಮೈ ಬೆಳೆಯಲು ಬೇಕಾದ ಸತ್ವ ಅದರಲ್ಲಿದೆ. ರಕ್ತಕ್ಕೆ ಬೇಕಾದ ಸತ್ವವೂ ಇದೆ. ಎಲುಬು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಸುಣ್ಣದ ಅಂಶ ಬಹಳ. ಜೋಳದ ರೊಟ್ಟಿ, ಮೀನಿನ ಸಾರು, ಮೇಲೆ ಒಂದು ಹೋಳು ನಿಂಬೆಹಣ್ಣು ಇದ್ದರೆ ಛಲೋ ಊಟ. ಉಂಡ ಕೂಡಲೇ ಚಹಾ ಕುಡಿಯಬೇಡಿ. ಚಹಾ ಊಟದ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಎಷ್ಟೋ ಮನೆಗಳಲ್ಲಿ ಮೀನಿನ ದೊಡ್ಡ ತುಂಡು ಗಂಡಸರಿಗೆ. ಉಳಿದ ತುಂಡು ಗಂಡುಮಕ್ಕಳಿಗೆ. ಹೆಂಗಸರಿಗೆ ಬರೀ ಸಾರು. ಮೀನು ಹೊತ್ತು ಬಿಸಿಲಲ್ಲಿ ನಡೆದವಳು ಅವಳು. ಕೊಯ್ದು ಬೇಯಿಸಿದವಳೂ ಅವಳು. ಬಸುರಿ, ಬಾಣಂತಿ, ಬೆಳೆಯುವ ಹುಡುಗಿಗೆ ರಕ್ತ ಬೇಕು. ಒಂದು ತುಂಡು ಅವರ ತಟ್ಟೆಯಲ್ಲೂ ಇರಲಿ. ಬಡಿಸುವ ಸೌಟು ನಮ್ಮ ಕೈಯಲ್ಲೇ ಇದೆ.

ನಾವು ಏನು ಮಾಡಬಹುದು?

• ಔಷಧಿ ಪಂಪನ್ನು ಹಳ್ಳ, ಹೊಳೆ, ಬಾವಿಯಲ್ಲಿ ತೊಳೆಯದಂತೆ ಮನೆಯವರಿಗೆ ಹೇಳೋಣ.

• ಖಾಲಿ ಔಷಧಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಡಬಾರದು.

• ಮುಂಗಾರಿನಲ್ಲಿ ಮೊಟ್ಟೆ ತುಂಬಿದ ಮೀನು ಬಲೆಗೆ ಬಿದ್ದು ಜೀವಂತ ಇದ್ದರೆ ತಿರುಗಿ ನೀರಿಗೆ ಬಿಡಲು ಹೇಳೋಣ.

• ಸಣ್ಣ ಕಣ್ಣಿನ ಬಲೆ ಬೇಡ ಎಂದು ಸಂಘದ ಸಭೆಯಲ್ಲಿ ಮಾತಾಡೋಣ.

• ಆಫ್ರಿಕಾದ ಕ್ಯಾಟ್‌ಫಿಶ್ ಸಾಕುವುದನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ. ಅದು ಹೊಳೆಗೆ ಸೇರಿದರೆ ನಮ್ಮ ಮೀನುಗಳನ್ನು ತಿಂದುಹಾಕುತ್ತದೆ. ಅದರ ಮರಿ ಯಾರಾದರೂ ತಂದರೆ ಕೊಳ್ಳಬೇಡಿ.

• ಮೀನು ಮಾರುವ ಅಕ್ಕಂದಿರು ದಿನದ ತೂಕ, ದರ, ಬಂದ ರೊಕ್ಕ ಮೂರನ್ನೂ ಒಂದು ವಹಿಯಲ್ಲಿ ಬರೆಯಿರಿ. ತಕ್ಕಡಿಯ ಅಂಕಿ ನೀವೇ ಓದಿ.

• 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ವೆಚ್ಚದ ಶೇಕಡಾ 60ರವರೆಗೆ ಸಹಾಯಧನ ಇಟ್ಟಿದ್ದರು. ಈಗ ಯಾವ ಸಹಾಯ ಸಿಗುತ್ತದೆ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಅರ್ಜಿಯನ್ನು ಓದಿಯೇ ಸಹಿ ಮಾಡಿ.

ಹೊಳೆಯ ತಳ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಏನು ನಡೆದಿದೆ ಎಂದು ಬುಟ್ಟಿಯ ಮೀನು ಹೇಳುತ್ತದೆ. ಬುಟ್ಟಿಗೆ ಬಾಳೆ ಮೀನು, ಗಿರ್ಲು ಬರುತ್ತಿದ್ದರೆ ತಳದಲ್ಲಿ ಇನ್ನೂ ಜೀವ ಇದೆ. ಅವು ಬರುವುದು ನಿಂತರೆ ನಾವು ಎಚ್ಚರಾಗಬೇಕು.

ಹೊಸ ಪದಗಳು

ತಳ – ನೀರಿನ ಕೆಳಗಿನ ನೆಲ
ಹುರುಪೆ – ಮೀನಿನ ಮೈಮೇಲಿನ ಬಿಲ್ಲೆ
ಕಿವಿರು – ಮೀನು ಉಸಿರಾಡುವ ಅಂಗ
ಮಡು – ಹೊಳೆಯ ಆಳವಾದ ಜಾಗ
ಗ್ರಂಥಿ – ಮೈಯೊಳಗೆ ರಸ ಮಾಡುವ ಗಂಟು
ಸಹಾಯಧನ – ಸರ್ಕಾರ ಕೊಡುವ ನೆರವಿನ ಹಣ

ಬಿಟ್ಟ ಜಾಗ ತುಂಬಿರಿ

1. ಬಾಳೆ ಮೀನಿಗೆ ________ ಮೀಸೆಗಳಿವೆ.
2. ಬಸವಸಾಗರ ಅಣೆಕಟ್ಟು ________ರಲ್ಲಿ ಮುಗಿಯಿತು.
3. ಮೃಗಾಲ್ ಮೀನಿನ ಬಾಯಿ ________ಕ್ಕಿದೆ.
4. ಮೀನಿನ ________ದ ಚೀಲವನ್ನು ನುಂಗಬಾರದು.

ಲೆಕ್ಕ ಮಾಡಿ

ಒಬ್ಬ ಅಕ್ಕ 4 ಕಿಲೋ ಗಿರ್ಲು ಮಾರಿದಳು. ಕಿಲೋಗೆ 120 ರೂಪಾಯಿ. ಬಸ್ಸಿಗೆ, ಮಂಜುಗಡ್ಡೆಗೆ 90 ರೂಪಾಯಿ ಖರ್ಚಾಯಿತು. ಅವಳ ಕೈಯಲ್ಲಿ ಉಳಿದದ್ದು ಎಷ್ಟು?

ಕೂತು ಮಾತಾಡಿ

1. ನಿಮ್ಮ ಊರಿನ ಹಿರಿಯರನ್ನು ಕೇಳಿ: ಹಿಂದೆ ಸಿಗುತ್ತಿದ್ದ ಯಾವ ಮೀನು ಈಗ ಸಿಗುತ್ತಿಲ್ಲ? ಹೆಸರು ಬರೆಯಿರಿ.
2. ನಿಮ್ಮ ಹಳ್ಳಕ್ಕೆ ಏನೇನು ಬಂದು ಸೇರುತ್ತದೆ? ಒಂದೊಂದಾಗಿ ಹೇಳಿ.
3. ನಿಮ್ಮ ಮನೆಯಲ್ಲಿ ಮೀನು ಮಾಡಿದ ದಿನ ಯಾರಿಗೆ ಎಷ್ಟು ಬಡಿಸುತ್ತೀರಿ?